ಮಧ್ಯಾಹ್ನ ಮೂರರ ಮೇಲೆ ಬರುವ ಸಿಟ್ಟು

ಪ್ರಶ್ನೆ: ಮದ್ದೂರು ತಾಲ್ಲೂಕಿನವಳು, ವಯಸ್ಸು 34. ಗಾರ್ಮೆಂಟ್ಸ್‌ನಲ್ಲಿ 11 ವರ್ಷ ಟೈಲರ್ ಆಗಿದ್ದೆ, ಕಾಲರ್ ಅಟ್ಯಾಚ್, ಅಂದರೆ ಅಂಗಿಗೆ ಕಾಲರ್ ಕೂಡಿಸುವ ಹಂತ, ನನ್ನ ಆಪರೇಷನ್. ಎಂಟು ತಿಂಗಳ ಹಿಂದೆ ಸೂಪರ್‌ವೈಸರ್ ಮಾಡಿದರು. ಒಬ್ಬೊಬ್ಬರು ಒಂದೊಂದು ಭಾಗ ಹೊಲಿದು ಮುಂದೆ ಕೊಡುವ ಲೈನು, ಅದರಲ್ಲಿ 38 ಜನ. ಕೆಲಸ ಗೊತ್ತು, ಯಾವ ಮೆಷಿನ್ ಕೊಟ್ಟರೂ ಕೂತು ಹೊಲಿಯುತ್ತೇನೆ. ಆದರೆ ಟಾರ್ಗೆಟ್ ಬರದಿದ್ದರೆ ತಲೆ ಕೆಡುತ್ತದೆ, ಬಾಯಿಗೆ ಬಂದದ್ದು ಬೈದುಬಿಡುತ್ತೇನೆ. ಮಧ್ಯಾಹ್ನದ ಮೇಲೆ ಜಾಸ್ತಿ. ರಾತ್ರಿ ಮಲಗಿದಾಗ ಬೇಜಾರಾಗುತ್ತದೆ. ನಾಲ್ಕು ತಿಂಗಳಲ್ಲಿ ಮೂವರು ಒಳ್ಳೆಯ ಟೈಲರ್‌ಗಳು ಬಿಟ್ಟುಹೋದರು. ಅದರಲ್ಲಿ ಒಬ್ಬಳು ಆರು ವರ್ಷ ನನ್ನ ಜೊತೆ ಒಂದೇ ಡಬ್ಬಿಯಲ್ಲಿ ಊಟ ಮಾಡಿದವಳು. ಎಚ್‌ಆರ್ ಹತ್ತಿರ ‘ಕೆಲಸ ಕಷ್ಟ ಇಲ್ಲ, ಅಕ್ಕನ ಬಾಯಿ ತಡ್ಕಳಕಾಗಕಿಲ್ಲ’ ಅಂದಳಂತೆ. ನನಗೆ ಒಂದು ಮಾತೂ ಹೇಳಿರಲಿಲ್ಲ. ಕಂಪನಿಯವರು ಒಂದು ದಿನದ ಟ್ರೈನಿಂಗ್ ಕೊಡಿಸಿದರು. ಅಲ್ಲಿ ಟೆಸ್ಟ್ ಬರೆಸಿ ನಾನು ‘ಆಳುವ ಗುಣದವಳು, ನೇರ ಮಾತು, ಒಳಗೆ ಮೃದು’ ಅಂತ ತೋರಿಸಿದರು. ಓದಿದಾಗ ನೂರಕ್ಕೆ ನೂರು ನಾನೇ ಅನ್ನಿಸಿತು. ‘ಮೊದಲು ನಿನ್ನನ್ನು ನೀನು ಅರಿ, ಆಮೇಲೆ ಲೀಡರ್ ಆಗು’ ಅಂದರು. ಹೇಗೆ ಅರಿಯೋದು ಅಂತ ಹೇಳಲಿಲ್ಲ. ಯೋಗಕ್ಕೆ ಸೇರು ಅಂತ ಒಬ್ಬರು ಹೇಳುತ್ತಾರೆ. ನಮ್ಮ ಮನೆಯವರು ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರೆ. ಇದು ನನ್ನ ಸ್ವಭಾವವೇ? ಮೆತ್ತಗಾದರೆ ಲೈನು ತಲೆ ಮೇಲೆ ಕೂರುವುದಿಲ್ಲವೇ? ಇಲ್ಲ, ವಾಪಸ್ ಮೆಷಿನ್‌ಗೇ ಹೋಗಿಬಿಡಲೇ?

ಉತ್ತರ: ನೀವು ಮೂರು ಪ್ರಶ್ನೆ ಕೇಳಿದ್ದೀರಿ. ನಿಮ್ಮನ್ನು ಕೊರೆಯುತ್ತಿರುವುದು ನಾಲ್ಕನೆಯದು: ಒಂದೇ ಡಬ್ಬಿಯಲ್ಲಿ ಉಂಡವಳಿಗೆ ಗೊತ್ತಿದ್ದದ್ದು ನನಗೇ ಯಾಕೆ ಗೊತ್ತಾಗಲಿಲ್ಲ? ಅದನ್ನು ಪ್ರಶ್ನೆಯಾಗಿ ಬರೆಯದೆ ‘ನನಗೆ ಒಂದು ಮಾತೂ ಹೇಳಿರಲಿಲ್ಲ’ ಎಂದಷ್ಟೇ ಬರೆದು ಮುಂದೆ ಹೋಗಿದ್ದೀರಿ. ಅದಕ್ಕೆ ಉತ್ತರ ಸಿಕ್ಕರೆ ಉಳಿದ ಮೂರು ಅದರ ಹಿಂದೆಯೇ ಬರುತ್ತವೆ.

ಹುಟ್ಟುಗುಣದ ಮಾತನ್ನು ಮೊದಲು ಮುಗಿಸೋಣ. ಕೆಲವರು ಬೇಗ ರೇಗುತ್ತಾರೆ, ಕೆಲವರು ನಿಧಾನ. ಅದರಲ್ಲಿ ಹುಟ್ಟಿನಿಂದ ಬಂದ ಪಾಲು ಇದ್ದೇ ಇದೆ. ಆದರೆ ನಿಮ್ಮ ಬೈಗುಳವನ್ನು ಆ ಖಾತೆಗೆ ಬರೆಯಲು ನಿಮ್ಮ ಪತ್ರವೇ ಬಿಡುವುದಿಲ್ಲ. 11 ವರ್ಷ ಆ ಶೆಡ್ಡಿನಲ್ಲೇ, ಆ ಸೆಕೆಯಲ್ಲೇ, ಟಾರ್ಗೆಟ್ ಕೆಳಗೇ ಕೆಲಸ ಮಾಡಿದ್ದೀರಿ. ಆರು ವರ್ಷ ಒಬ್ಬಳ ಜೊತೆ ಡಬ್ಬಿ ಹಂಚಿಕೊಂಡಿದ್ದೀರಿ. ಹುಟ್ಟುಗುಣವೇ ಆಗಿದ್ದರೆ ಆ ಡಬ್ಬಿ ಆರು ತಿಂಗಳೂ ಬಾಳುತ್ತಿರಲಿಲ್ಲ. ಅಲ್ಲದೆ ‘ಮಧ್ಯಾಹ್ನದ ಮೇಲೆ ಜಾಸ್ತಿ’ ಎಂದು ನೀವೇ ಬರೆದಿದ್ದೀರಿ. ಸ್ವಭಾವಕ್ಕೆ ಗಡಿಯಾರ ನೋಡುವ ಅಭ್ಯಾಸವಿಲ್ಲ. ಹೊತ್ತು ನೋಡಿ ಬರುವ ಸಿಟ್ಟಿಗೆ ಹೊರಗೆ ಎಲ್ಲೋ ಒಂದು ಎಳೆ ಇರುತ್ತದೆ. ಆ ಎಳೆ ಸಿಗಬೇಕು.

ಇನ್ನು ಟೆಸ್ಟ್. ‘ನೂರಕ್ಕೆ ನೂರು ನಾನೇ’ ಅನ್ನಿಸಿದ್ದು ಟೆಸ್ಟ್ ಸರಿಯಿದೆ ಎನ್ನುವುದಕ್ಕೆ ಸಾಕ್ಷಿಯಾಗುವುದಿಲ್ಲ. 1948ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ಟ್ರಮ್ ಫೋರರ್ ತನ್ನ 39 ವಿದ್ಯಾರ್ಥಿಗಳಿಗೆ ಒಂದು ವ್ಯಕ್ತಿತ್ವ ಪರೀಕ್ಷೆ ಕೊಟ್ಟು, ವಾರ ಬಿಟ್ಟು ಒಬ್ಬೊಬ್ಬರಿಗೂ ಅವರವರ ‘ಫಲಿತಾಂಶ’ ಹಂಚಿದರು. ಎಷ್ಟು ಹೊಂದುತ್ತದೆ, ಐದಕ್ಕೆ ಅಂಕ ಕೊಡಿ ಎಂದರು. ಸರಾಸರಿ ಬಂದದ್ದು 4.26. ಹಂಚಿದ್ದು ಮಾತ್ರ ಎಲ್ಲರಿಗೂ ಒಂದೇ ಹಾಳೆ, ಅದರ ಸಾಲುಗಳನ್ನು ಹೆಚ್ಚಾಗಿ ಒಂದು ಜ್ಯೋತಿಷ್ಯದ ಪುಸ್ತಕದಿಂದ ಆರಿಸಿದ್ದರು. ‘ನೇರ ಮಾತು, ಒಳಗೆ ಮೃದು’ ಎಂಬುದನ್ನು ನಿಮ್ಮ ಲೈನಿನ 38 ಜನಕ್ಕೂ ಓದಿ ಹೇಳಿ ನೋಡಿ, ಬೇಡವೆನ್ನುವವರು ಕಡಿಮೆ. ಜನರನ್ನು ಇಂತಿಷ್ಟು ಮಾದರಿಗಳಾಗಿ ವಿಂಗಡಿಸುವ ಪರೀಕ್ಷೆಗಳಿಗೆ ಇನ್ನೊಂದು ತೊಂದರೆಯಿದೆ: ಕೆಲವು ವಾರ ಬಿಟ್ಟು ಅದನ್ನೇ ಮತ್ತೆ ಬರೆಸಿದರೆ ಸಾಕಷ್ಟು ಜನ ಬೇರೆ ಮಾದರಿಗೆ ಹೋಗಿ ಕೂರುತ್ತಾರೆ. ಮಾತಿಗೆ ಒಂದು ನೆಪವಾಗಿ ಆ ಹಾಳೆ ಪರವಾಗಿಲ್ಲ. ಅಪಾಯ ಬೇರೆ ಕಡೆ ಇದೆ. ‘ಆಳುವ ಗುಣ’ ಎಂಬ ಹಣೆಪಟ್ಟಿ ಕೈಗೆ ಸಿಕ್ಕ ಮೇಲೆ ಬೈಗುಳಕ್ಕೆ ಒಂದು ಗೌರವದ ಹೆಸರು ಸಿಕ್ಕಂತಾಯಿತು. ಆ ಹಾಳೆಯನ್ನು ಬೀರುವಿನಲ್ಲಿಡಿ.

ಒಳಗೆ ನೋಡಿಕೊಂಡರೆ ಸಿಗುತ್ತದೆಯೇ?

‘ನಿನ್ನನ್ನು ನೀನು ಅರಿ’ ಎಂದವರು ಬಹುಶಃ ಕಣ್ಣು ಮುಚ್ಚಿ ಒಳಗೆ ನೋಡಿಕೊ ಎಂಬ ಅರ್ಥದಲ್ಲಿ ಹೇಳಿರುತ್ತಾರೆ. ಇಲ್ಲೊಂದು ಎಡವಟ್ಟಿದೆ, ಬಟ್ಟೆ ಕೆಲಸದವರಾದ ನಿಮಗೆ ಬೇಗ ಅರ್ಥವಾಗುತ್ತದೆ. 1977ರಲ್ಲಿ ಮನಶ್ಶಾಸ್ತ್ರಜ್ಞರಾದ ರಿಚರ್ಡ್ ನಿಸ್ಬೆಟ್ ಮತ್ತು ತಿಮೊತಿ ವಿಲ್ಸನ್ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಪ್ರಯೋಗ ಬರುತ್ತದೆ. ಅಂಗಡಿಯಲ್ಲಿ ನಾಲ್ಕು ಜೊತೆ ನೈಲಾನ್ ಕಾಲುಚೀಲಗಳನ್ನು ಸಾಲಾಗಿ ಇಟ್ಟು, ಯಾವುದರ ಗುಣಮಟ್ಟ ಚೆನ್ನಾಗಿದೆ ಹೇಳಿ ಎಂದು ಬಂದವರನ್ನು ಕೇಳಿದರು. ತೀರ ಎಡಗಡೆಯದನ್ನು ಆರಿಸಿದವರು ಶೇ. 12, ತೀರ ಬಲಗಡೆಯದನ್ನು ಆರಿಸಿದವರು ಶೇ. 40. ಯಾಕೆಂದು ಕೇಳಿದರೆ ನೇಯ್ಗೆ, ನಯ ಎಂದು ಕಾರಣ ಕೊಟ್ಟರು. ನಾಲ್ಕೂ ಜೊತೆ ಒಂದೇ ಮಾಲು. ಇಟ್ಟ ಜಾಗ ನೋಡಿ ಆರಿಸಿದೆ ಎಂದು ಒಬ್ಬರೂ ತಾವಾಗಿ ಹೇಳಲಿಲ್ಲ. ಸುಳ್ಳು ಹೇಳಿದ್ದಲ್ಲ, ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ‘ಯಾಕೆ’ ಎಂದು ಕೇಳಿದರೆ ಮನಸ್ಸು ಒಪ್ಪುವಂಥ ಒಂದು ಕಾರಣ ಹೊಲಿದುಕೊಡುತ್ತದೆ. ರಾತ್ರಿ ಮಲಗಿ ‘ನಾನ್ಯಾಕೆ ಹೀಗೆ’ ಎಂದು ಯೋಚಿಸಿದಾಗ ನಿಮಗಾಗುತ್ತಿರುವುದೂ ಇದೇ: ಬೇಜಾರು ಹೆಚ್ಚಾಗುತ್ತದೆ, ತಿಳಿವಳಿಕೆ ಹೆಚ್ಚಾಗುವುದಿಲ್ಲ.

ಮಳೆಗಾಲದಲ್ಲಿ ಮಂಡ್ಯ ಸೀಮೆಯವರು ಕನ್ನಂಬಾಡಿ ತುಂಬಿತೋ ಇಲ್ಲವೋ ಎಂದು ಮನಸ್ಸಿನಲ್ಲಿ ಅಂದಾಜು ಮಾಡುತ್ತಾ ಕೂರುವುದಿಲ್ಲ. ಪತ್ರಿಕೆಯ ಮೂಲೆಯಲ್ಲಿ ಇಂದಿನ ಮಟ್ಟ ಎಷ್ಟು, 124.80 ಅಡಿಗೆ ಇನ್ನೆಷ್ಟು ಬಾಕಿ, ಒಳಹರಿವೆಷ್ಟು, ಹೊರಹರಿವೆಷ್ಟು ಎಂದು ನೋಡುತ್ತಾರೆ. ನಿಮ್ಮ ಲೈನಿನಲ್ಲೂ ಗಂಟೆಗೊಮ್ಮೆ ಪೀಸು ಬರೆಯುವ ಬೋರ್ಡಿದೆ. ನಿಮ್ಮನ್ನು ಅರಿಯುವುದಕ್ಕೂ ಅಂಥದೇ ಬೋರ್ಡು ಬೇಕು.

ಜೇಬಿನಲ್ಲಿ ಹಿಡಿಯುವ ಸಣ್ಣ ಪುಸ್ತಕ ತೆಗೆದುಕೊಳ್ಳಿ. ಬಹಳ ಕಡೆ ಫ್ಲೋರ್‌ನಲ್ಲಿ ಫೋನ್ ಬಿಡುವುದಿಲ್ಲ, ಬಿಟ್ಟರೂ ಫೋನ್‌ನಲ್ಲಿ ಬರೆಯಬೇಡಿ. ಸೂಪರ್‌ವೈಸರ್ ಯಾರ ಮೇಲೋ ದೂರು ಕಳಿಸುತ್ತಿದ್ದಾಳೆ ಅಂದುಕೊಳ್ಳುತ್ತಾರೆ. ದನಿ ಏರಿದ ಪ್ರತಿ ಸಲ ಹತ್ತು ನಿಮಿಷದೊಳಗೆ ಒಂದು ಸಾಲು ಬರೆಯಿರಿ: ಎಷ್ಟು ಗಂಟೆ, ಯಾವ ಆಪರೇಷನ್, ಯಾರಿಗೆ, ಬಾಯಿಂದ ಬಂದ ಮಾತು ಇದ್ದದ್ದು ಇದ್ದಂತೆ, ಅದಕ್ಕೆ ಮುಂಚಿನ ಕಾಲು ಗಂಟೆಯಲ್ಲಿ ಏನಾಯಿತು. ಸಂಜೆ ಬಸ್ಸಿನಲ್ಲಿ ಇನ್ನೆರಡು ಅಂಕಿ: ರಾತ್ರಿ ಎಷ್ಟು ಗಂಟೆ ಮಲಗಿದ್ದೆ, ಮಧ್ಯಾಹ್ನ ಎಷ್ಟಕ್ಕೆ ಉಂಡೆ. ‘ಯಾಕೆ’ ಎಂಬ ಕಾಲಂ ಬೇಡವೇ ಬೇಡ. ವಾರಕ್ಕೆ ಆರು ದಿನದಂತೆ ಮೂರು ವಾರ, 18 ದಿನ ಬರೆಯಿರಿ, ಅಲ್ಲಿಯವರೆಗೆ ತಿರುಗಿ ಓದಬೇಡಿ. ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಎರಡು. ಮಾತನ್ನು ತೊಳೆದು ಬರೆಯುವುದು ಒಂದು. ‘ಸ್ವಲ್ಪ ಜೋರಾಗಿ ಹೇಳಿದೆ’ ಎಂದು ಬರೆದರೆ ಅದು ದಾಖಲೆಯೇ ಅಲ್ಲ, ‘ಮನೇಲಿ ಹೇಳ್ಬುಟ್ಟು ಬಂದಿದ್ದೀಯಾ ಇಲ್ಲಿ ನಿದ್ದೆ ಹೊಡೀತೀನಿ ಅಂತ’ ಎಂದು ಪೂರ್ತಿ ಬರೆಯಬೇಕು. ಇನ್ನೊಂದು, ಐದನೇ ದಿನಕ್ಕೆ ‘ನನಗೆ ಅರ್ಥವಾಯಿತು’ ಎಂದು ನಿಲ್ಲಿಸುವುದು. ಐದು ದಿನದಲ್ಲಿ ಒಂದು ಶಿಪ್‌ಮೆಂಟ್ ಕೂಡ ದಾಟಿರುವುದಿಲ್ಲ.

ಮೂರು ವಾರದ ಮೇಲೆ ಏನು ಕಾಣಬಹುದು? ನಿಮ್ಮ ಪುಸ್ತಕ ನೋಡದೆ ಹೇಳುವಂತಿಲ್ಲ. ಆದರೆ ಟೈಲರ್ ಆಗಿದ್ದು ಸೂಪರ್‌ವೈಸರ್ ಆದವರಲ್ಲಿ ಮತ್ತೆ ಮತ್ತೆ ಕಾಣುವ ಮೂರು ಜಾಗಗಳಿವೆ, ಅಲ್ಲಿ ಮೊದಲು ಹುಡುಕಿ.

ಒಂದು, ನಿಮ್ಮದೇ ಹಳೆಯ ಆಪರೇಷನ್. ಕಾಲರ್ ಅಟ್ಯಾಚ್ ಎಷ್ಟು ಬೇಗ ಆಗುತ್ತದೆ ಎಂದು ನಿಮ್ಮ ಕೈಗೆ ಗೊತ್ತು. ಕಲಿತ ಕಷ್ಟ ಮಾತ್ರ ಮರೆತುಹೋಗಿದೆ. ಬ್ಯಾಂಡ್ ಹಿಡಿಯುವುದು, ನಾಚ್ (ಬಟ್ಟೆಯಂಚಿನ ಗುರುತಿನ ಕಚ್ಚು) ಕೂಡಿಸುವುದು, ತುದಿಯಲ್ಲಿ ಅಳತೆ ಮೀರದಂತೆ ತಿರುಗಿಸುವುದು ನಿಮಗೀಗ ಯೋಚನೆಯಿಲ್ಲದೆ ಆಗುತ್ತದೆ. ಹೊಸಬಳಿಗೆ ಒಂದೊಂದೂ ಒಂದೊಂದು ಕೆಲಸ. ಸೈಡ್ ಸೀಮ್‌ನವರು ತಡ ಮಾಡಿದರೆ ‘ಏನಾಯ್ತು’ ಎಂದು ಕೇಳುವ ನೀವೇ ಕಾಲರ್‌ನವಳು ತಡ ಮಾಡಿದರೆ ‘ಬೇಕಂತ ಮಾಡ್ತಾವಳೆ’ ಅಂದುಕೊಳ್ಳುತ್ತೀರಿ. ಆಮೇಲೆ ಅವಳನ್ನು ಎಬ್ಬಿಸಿ ನೀವೇ ಕೂರುತ್ತೀರಿ. ಅರ್ಧ ಗಂಟೆ ಕಾಲರ್ ಓಡುತ್ತದೆ, ಅಷ್ಟರಲ್ಲಿ ಕಫ್ ಹತ್ತಿರ ಬಂಡಲ್ (ಹೊಲಿಯಬೇಕಾದ ಪೀಸುಗಳ ಕಟ್ಟು) ಗುಡ್ಡೆಯಾಗಿರುತ್ತದೆ, ನೋಡುವವರು ಇರುವುದಿಲ್ಲ. ಎದ್ದು ಬಂದು ಆ ಗುಡ್ಡೆ ನೋಡಿ ಇನ್ನೊಂದು ಸುತ್ತು ಬೈಗುಳ. ನಿಮ್ಮ ಪತ್ರದಲ್ಲಿ ‘ಯಾವ ಮೆಷಿನ್ ಕೊಟ್ಟರೂ ಹೊಲಿಯುತ್ತೇನೆ’ ಎಂಬ ಸಾಲಿದೆ. ನಿಮ್ಮ ಬಲವೂ ಅದೇ, ನೀವು ಎಡವುವುದೂ ಬಹುಶಃ ಅಲ್ಲೇ.

ಎರಡು, ಮೇಲಿನಿಂದ ಬಂದದ್ದನ್ನು ಕೆಳಗೆ ದಾಟಿಸುವುದು. ಪ್ರೊಡಕ್ಷನ್ ಮ್ಯಾನೇಜರ್ ಬೋರ್ಡ್ ಮುಂದೆ ನಿಂತು ಹೋದ ಕಾಲು ಗಂಟೆಯೊಳಗೆ ಎಷ್ಟು ಸಾಲು ಬರೆದಿದ್ದೀರಿ ಎಂದು ಎಣಿಸಿ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎಂಬುದು ಫ್ಯಾಕ್ಟರಿಯಲ್ಲಿ ಲೆಕ್ಕ ಸಮೇತ ಸಿಗುತ್ತದೆ.

ಮೂರು, ಮೈ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಮನೆಗೆಲಸ ಮುಗಿಸಿ ಕಂಪನಿ ಬಸ್ ಹತ್ತಿದವರಿಗೆ ಮಧ್ಯಾಹ್ನ ಮೂರು ಎಂದರೆ ಎದ್ದು ಹತ್ತೂವರೆ ಗಂಟೆಯಾಗಿರುತ್ತದೆ. ಸುಸ್ತು, ಉಸಿರು ಸಾಲದಿರುವುದು, ಸಣ್ಣದಕ್ಕೆಲ್ಲ ರೇಗುವುದು ಒಟ್ಟಿಗಿದ್ದರೆ ತಾಲ್ಲೂಕು ಆಸ್ಪತ್ರೆಯಲ್ಲಿ ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿ. ಬಸುರಿಯಲ್ಲದ ಹೆಂಗಸರಲ್ಲಿ ಹಿಮೋಗ್ಲೋಬಿನ್ ಡೆಸಿಲೀಟರಿಗೆ 12 ಗ್ರಾಂಗಿಂತ ಕೆಳಗಿದ್ದರೆ ಅದನ್ನು ರಕ್ತಹೀನತೆ ಎನ್ನುತ್ತಾರೆ. ಅದಕ್ಕೆ ಬೇಕಾದ ಔಷಧಿ ನಾಯಕತ್ವದ ತರಬೇತಿಯಲ್ಲಿ ಸಿಗುವುದಿಲ್ಲ.

ಅವಳು ಯಾಕೆ ಹೇಳಲಿಲ್ಲ

1955ರಲ್ಲಿ ಮನಶ್ಶಾಸ್ತ್ರಜ್ಞರಾದ ಜೋಸೆಫ್ ಲುಫ್ಟ್ ಮತ್ತು ಹ್ಯಾರಿಂಗ್ಟನ್ ಇಂಗಮ್ ಒಂದು ಸರಳ ಚಿತ್ರ ಬರೆದರು. ಇಬ್ಬರ ಹೆಸರು ಸೇರಿಸಿ ಅದನ್ನು ಜೊಹಾರಿ ಕಿಟಕಿ ಎನ್ನುತ್ತಾರೆ. ನಾಲ್ಕು ಚೌಕ: ನನಗೂ ಬೇರೆಯವರಿಗೂ ಗೊತ್ತಿರುವುದು, ನನಗೆ ಮಾತ್ರ ಗೊತ್ತಿರುವುದು, ಬೇರೆಯವರಿಗೆ ಗೊತ್ತಿದ್ದು ನನಗೆ ಗೊತ್ತಿಲ್ಲದ್ದು, ಇಬ್ಬರಿಗೂ ಗೊತ್ತಿಲ್ಲದ್ದು. ನಿಮ್ಮನ್ನು ಬೀಳಿಸಿದ್ದು ಮೂರನೆಯ ಚೌಕ. ಅದನ್ನು ಪುಸ್ತಕ ಬರೆದು ತುಂಬಲಾಗುವುದಿಲ್ಲ, ಇನ್ನೊಬ್ಬರ ಬಾಯಿಂದಲೇ ಬರಬೇಕು. ತನ್ನ ಬೆನ್ನು ತನಗೆ ಕಾಣುವುದಿಲ್ಲವಲ್ಲ.

ಸೂಪರ್‌ವೈಸರ್ ಆದ ದಿನವೇ ಆ ಬಾಯಿಗಳು ಮುಚ್ಚಿಕೊಂಡವು. ಟೈಲರ್ ಆಗಿದ್ದಾಗ ನಿಮ್ಮ ಸ್ನೇಹಿತೆ ‘ಸಾಕು ಸುಮ್ಕಿರಮ್ಮಿ’ ಎಂದು ನಿಮ್ಮನ್ನು ಅಲ್ಲೇ ತಡೆಯುತ್ತಿದ್ದರೇನೋ. ಈಗ ಅವರ ರಜೆಗೆ ಸಹಿ ಹಾಕುವವರು ನೀವು, ಓವರ್‌ಟೈಮ್‌ಗೆ ಹೆಸರು ಬರೆಯುವವರು ನೀವು. ಅವರು ಹೇಳದೆ ಹೋದದ್ದು ಮೋಸದಿಂದಲ್ಲ. ಹೇಳಿದರೆ ಏನಾಗುತ್ತದೆ ಎಂದು ಅಷ್ಟು ದಿನ ಇತರರ ಮೇಲೆ ನೋಡಿದ್ದಾರೆ. ಇದು ಟೈಲರ್‌ಗಳಿಗೆ ಮಾತ್ರ ಸೇರಿದ್ದಲ್ಲ. ಎಮಿ ಎಡ್ಮಂಡ್‌ಸನ್ ಎಂಬ ಸಂಶೋಧಕಿ 1990ರ ದಶಕದಲ್ಲಿ ಅಮೆರಿಕದ ಆಸ್ಪತ್ರೆ ತಂಡಗಳಲ್ಲಿ ಔಷಧಿ ಕೊಡುವಾಗಿನ ತಪ್ಪುಗಳನ್ನು ಎಣಿಸಿದಾಗ, ಚೆನ್ನಾಗಿ ನಡೆಯುತ್ತಿದ್ದ ತಂಡಗಳಲ್ಲೇ ಹೆಚ್ಚು ತಪ್ಪು ದಾಖಲಾಗಿತ್ತು. ಬಿಡಿಸಿ ನೋಡಿದಾಗ ತಿಳಿದದ್ದು, ಅಲ್ಲಿ ತಪ್ಪಾದರೆ ಹೇಳುವ ಧೈರ್ಯವಿತ್ತು. ಉಳಿದ ಕಡೆ ಮುಚ್ಚಿಡುತ್ತಿದ್ದರು. ನಿಮ್ಮ ಲೈನಿನಲ್ಲಿ ಸ್ಕಿಪ್ ಸ್ಟಿಚ್ ಬಿದ್ದ, ಅಂದರೆ ನಡುವೆ ಹೊಲಿಗೆ ತಪ್ಪಿದ, ಪೀಸನ್ನು ಕೈ ಎತ್ತಿ ತೋರಿಸುತ್ತಾರೋ, ಬಂಡಲ್ ಮಧ್ಯೆ ಸೇರಿಸಿ ಮುಂದೆ ತಳ್ಳುತ್ತಾರೋ? ಲೈನಿನ ಕೊನೆಯಲ್ಲಿ ಪೀಸು ನೋಡುವ ಚೆಕ್ಕರ್ ಹತ್ತಿರ ಆಲ್ಟರ್ (ಮತ್ತೆ ಸರಿಮಾಡಬೇಕಾದ ಪೀಸು) ಗುಡ್ಡೆ ಒಮ್ಮೆಲೇ ಬೀಳುತ್ತಿದ್ದರೆ ತಳ್ಳುತ್ತಿದ್ದಾರೆ ಎಂದೇ ಲೆಕ್ಕ.

ಮಂಡ್ಯದ ಮಾತಿನ ಬಗ್ಗೆಯೂ ಇಲ್ಲೇ ಹೇಳಬೇಕು. ನಮ್ಮ ಕಡೆ ಪ್ರೀತಿಗೂ ಜಗಳಕ್ಕೂ ದನಿ ಹೆಚ್ಚುಕಡಿಮೆ ಒಂದೇ. ‘ಹೋಗಮ್ಮಿ, ನಿನ್ ಬುದ್ದಿಗಿಷ್ಟು’ ಎಂಬುದು ಮದ್ದೂರಿನವಳಿಗೆ ಸಲಿಗೆ. ರಾಯಚೂರಿನಿಂದಲೋ ಒಡಿಶಾದಿಂದಲೋ ಬಂದು ಹಾಸ್ಟೆಲ್‌ನಲ್ಲಿರುವ ಹುಡುಗಿಗೆ ಅದು ಬೈಗುಳವೇ. ಸಾಲದ್ದಕ್ಕೆ ಮೆಷಿನ್ ಸದ್ದಿನ ಮೇಲೆ ಮಾತು ಕೇಳಿಸಬೇಕೆಂದರೆ ಕೂಗಲೇಬೇಕು. ‘ನಾನು ಬೈಯಲೇ ಇಲ್ಲ’ ಎಂದು ನೀವು ಆಣೆ ಮಾಡುವ ಎಷ್ಟೋ ಸಲ ಅವರು ಬೈಸಿಕೊಂಡಿರುತ್ತಾರೆ, ಇಬ್ಬರದೂ ನಿಜ. ಪರಿಹಾರ ಸಣ್ಣದು: ಇಡೀ ಲೈನಿಗೆ ಹೇಳುವ ಮಾತನ್ನು ಕೂಗಿ ಹೇಳಿ, ಒಬ್ಬಳಿಗೆ ಹೇಳುವುದನ್ನು ಮೆಷಿನ್ ಪಕ್ಕ ಬಗ್ಗಿ ಹೇಳಿ.

ಈಗ ಕೇಳುವುದು ಹೇಗೆ ಎಂಬುದು. ಲೈನ್ ನಿಲ್ಲಿಸಿ ‘ನನ್ನ ಬಗ್ಗೆ ಏನಾದರೂ ಹೇಳಿ’ ಎಂದು ಕೇಳುವುದು ಕೆಲಸಕ್ಕೆ ಬಾರದ ವಿಧಾನ. ‘ನೀವು ಚೆನ್ನಾಗವ್ರೆ ಅಕ್ಕ’ ಎನ್ನುತ್ತಾರೆ, ಸಂಜೆ ಬಸ್ಸಿನಲ್ಲಿ ನಗುತ್ತಾರೆ. ಚೀಟಿ ಬರೆಸುವುದೂ ಅನುಮಾನವೇ, 38 ಜನರ ಅಕ್ಷರ ನಿಮಗೆ ಗೊತ್ತಿರುತ್ತದೆ, ನಿಮಗೆ ಗೊತ್ತಿದೆ ಎಂದು ಅವರಿಗೂ ಗೊತ್ತು. ಬರವಣಿಗೆಯಿಲ್ಲದೆ ಗೀಟು ಹಾಕುವಂಥ ಕಾಗದ ಮಾಡಿ. ಮೂರು ಸಾಲು ಸಾಕು: ‘ತಪ್ಪಾದಾಗ ಎಲ್ಲರ ಮುಂದೆ ಹೇಳುತ್ತಾರೆ’, ‘ಮೆಷಿನ್ ಕೆಟ್ಟಿದೆ ಎಂದರೆ ನಂಬುತ್ತಾರೆ’, ‘ಮನೆಯ ವಿಚಾರ ಎತ್ತಿ ಮಾತಾಡುತ್ತಾರೆ’. ಪಕ್ಕದಲ್ಲಿ ‘ಯಾವಾಗಲೂ, ಒಮ್ಮೊಮ್ಮೆ, ಇಲ್ಲ’. ವೆಲ್ಫೇರ್ ಆಫೀಸರ್ ಹಂಚಿ, ಅವರೇ ಕೂಡಿ, ಮೊತ್ತ ಮಾತ್ರ ನಿಮಗೆ ಕೊಡಲಿ. ಕಾಗದ ನಿಮ್ಮ ಕೈಗೆ ಬರಬಾರದು.

ಪ್ರಶ್ನೆಗಳೆಲ್ಲ ಮಾಡುವ ಕೆಲಸದ ಮೇಲಿವೆ, ‘ಒಳ್ಳೆಯವಳೋ ಕೆಟ್ಟವಳೋ’ ಎಂಬ ಪ್ರಶ್ನೆಯಿಲ್ಲ ಎಂಬುದನ್ನು ಗಮನಿಸಿ. ಅವ್ರಹಾಮ್ ಕ್ಲೂಗರ್ ಮತ್ತು ಆಂಜೆಲೊ ಡೆನಿಸಿ ಎಂಬಿಬ್ಬರು 1996ರಲ್ಲಿ ಇಂಥ ಅಭಿಪ್ರಾಯ ತಿಳಿಸುವ ಪದ್ಧತಿಗಳ ಮೇಲಿನ ನೂರಾರು ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿದರು. ಸರಾಸರಿಯಲ್ಲಿ ಕೆಲಸ ಸುಧಾರಿಸಿತ್ತು, ಆದರೆ ಮೂರನೇ ಒಂದು ಭಾಗಕ್ಕೂ ಹೆಚ್ಚು ಕಡೆ ಕೆಲಸ ಮೊದಲಿಗಿಂತ ಕೆಟ್ಟಿತ್ತು. ಗಮನವು ಕೆಲಸ ಬಿಟ್ಟು ‘ನಾನೆಂಥವಳು’ ಎಂಬುದರ ಕಡೆ ಹೋದಷ್ಟೂ ಅಭಿಪ್ರಾಯದಿಂದಾಗುವ ಪ್ರಯೋಜನ ಕಡಿಮೆ ಎಂಬುದು ಅವರ ವಿವರಣೆ. ನೀವು ಟೈಲರ್‌ಗಳಿಗೆ ಬೈಯುವಾಗಲೂ ಇದೇ ನಡೆಯುತ್ತದೆ. ‘ಹೊಲಿಗೆ ಡೊಂಕಾಗಿದೆ’ ಎಂದರೆ ಕಣ್ಣು ಹೊಲಿಗೆಗೆ ಹೋಗುತ್ತದೆ; ‘ನೀನು ಉದ್ಧಾರ ಆಗಲ್ಲ’ ಎಂದರೆ ಕಣ್ಣಿಗೆ ನೀರು ಬರುತ್ತದೆ, ಹೊಲಿಗೆ ಇನ್ನಷ್ಟು ಡೊಂಕಾಗುತ್ತದೆ.

ಇದರ ಅಪಾಯವನ್ನೂ ತಿಳಿದಿರಿ. ಮೊತ್ತ ಬಂದ ದಿನ ‘ಯಾರು ಗೀಟು ಹಾಕಿದ್ದು’ ಎಂದು ಮುಖ ಹುಡುಕಿದರೆ ಮುಂದಿನ ಐದು ವರ್ಷ ನಿಮಗೆ ಯಾರೂ ಏನೂ ಹೇಳುವುದಿಲ್ಲ. ಹಾಗೆ ಹುಡುಕುವುದಿಲ್ಲ ಎಂಬ ನಂಬಿಕೆ ನಿಮ್ಮ ಮೇಲೆ ನಿಮಗೇ ಇಲ್ಲದಿದ್ದರೆ ಕಾಗದ ಹಂಚಲೇಬೇಡಿ. ಪಕ್ಕದ ಲೈನಿನ ಹಿರಿಯ ಸೂಪರ್‌ವೈಸರ್ ಒಬ್ಬರನ್ನು ಆರಿಸಿ, ವಾರಕ್ಕೊಮ್ಮೆ ಟೀ ಹೊತ್ತಿನಲ್ಲಿ ‘ಈ ವಾರ ನನ್ನ ದನಿ ನಿಮ್ಮ ಲೈನಿಗೆ ಎಷ್ಟು ಸಲ ಕೇಳಿಸಿತು?’ ಎಂದಷ್ಟೇ ಕೇಳಿ. ಅವರು ಹೇಳಿದ್ದಕ್ಕೆ ‘ಅಲ್ಲಕ್ಕ, ಅವತ್ತು ಏನಾಯ್ತು ಅಂದ್ರೆ’ ಎಂದು ಶುರುಮಾಡಬೇಡಿ. ‘ಸರಿ’ ಎಂದು ಬರೆದುಕೊಳ್ಳಿ. ಮೊದಲ ಸಲವೇ ಸಮಜಾಯಿಷಿ ಕೊಟ್ಟವರಿಗೆ ಎರಡನೇ ಸಲ ಯಾರೂ ಹೇಳುವುದಿಲ್ಲ.

ಮೆತ್ತಗಾದರೆ ಟಾರ್ಗೆಟ್ ಬರುತ್ತದೆಯೇ

ನಿಮ್ಮ ಭಯ ಸುಳ್ಳಲ್ಲ. ಬೈದ ಮೇಲೆ ಸ್ವಲ್ಪ ಹೊತ್ತು ಕೈ ಬೇಗ ಓಡುವುದನ್ನು ನೀವು ಕಣ್ಣಾರೆ ನೋಡಿದ್ದೀರಿ, ಅದಕ್ಕೇ ಈ ಅಭ್ಯಾಸ ಬಿಡುವುದು ಕಷ್ಟ. ಆದರೆ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ. ಒಂದು ಶರ್ಟ್‌ಗೆ ಎಸ್‌ಎಎಂ (ಹೊಲಿಯಲು ನಿಗದಿಮಾಡಿದ ಸಮಯ) 20 ನಿಮಿಷ, ಮೆಷಿನ್ ಮೇಲೆ 32 ಜನ, ಎಫಿಷಿಯನ್ಸಿ ಶೇ. 60 ಎಂದಿಟ್ಟುಕೊಳ್ಳಿ. 32 ಜನರ ಒಂದು ಗಂಟೆಯ ನಿಮಿಷಗಳಲ್ಲಿ ಶೇ. 60ನ್ನು 20ರಿಂದ ಭಾಗಿಸಿದರೆ ಗಂಟೆಗೆ 57 ಪೀಸು ಬರಬೇಕು. ಕಾಲರ್ ಕಲಿತವಳು ಬಿಟ್ಟುಹೋಗಿ ಆ ಜಾಗಕ್ಕೆ ಗಂಟೆಗೆ 38 ಕೂಡಿಸುವ ಹೊಸಬಳು ಬಂದರೆ, ಎರಡನೇ ಮೆಷಿನ್ ಹಾಕದ ಹೊರತು ಇಡೀ ಲೈನಿನ ಔಟ್‌ಪುಟ್ 38ಕ್ಕೇ ಕಟ್ಟಿಬೀಳುತ್ತದೆ. ಗಂಟೆಗೆ 19 ಖೋತಾ, ಎಂಟು ಗಂಟೆಗೆ 152. ಮುಂದೆ ಕೂತ 20 ಜನ ಬಂಡಲ್‌ಗೆ ಕಾಯುತ್ತಾರೆ, ಕಾಯುವವರಿಗೆ ಎಷ್ಟು ಬೈದರೂ ಪೀಸು ಹುಟ್ಟುವುದಿಲ್ಲ. ನಿಮ್ಮ ಲೈನಿನ ಅಂಕಿ ಬೇರೆಯಿರಬಹುದು, ನಿಮ್ಮ ಬೋರ್ಡಿನ ಅಂಕಿ ಹಾಕಿ ಮಾಡಿ ನೋಡಿ. ಜೊತೆಗೆ ಪುಸ್ತಕದಲ್ಲಿ ಬೈದ ಗಂಟೆಯ ಪೀಸು, ಅದರ ಮುಂದಿನ ಗಂಟೆಯ ಪೀಸು, ಆ ಎರಡು ಗಂಟೆಯ ಆಲ್ಟರ್ ಮೂರನ್ನೂ ಬರೆಯಿರಿ. ಬೈಗುಳ ಲಾಭವೋ ನಷ್ಟವೋ ಎಂದು ನನ್ನ ಮಾತು ನಂಬಬೇಕಾಗಿಲ್ಲ.

ಬೈಯದಿರುವುದಕ್ಕೂ ಮೆತ್ತಗಾಗುವುದಕ್ಕೂ ಸಂಬಂಧವಿಲ್ಲ ಎಂಬುದು ಮಾತಿನಲ್ಲೇ ಗೊತ್ತಾಗುತ್ತದೆ. ‘ಹತ್ತರಿಂದ ಹನ್ನೊಂದಕ್ಕೆ 38 ಬಂದಿದೆ, 57 ಬೇಕು. ಬಂಡಲ್ ಬರ್ತಿಲ್ವಾ, ದಾರ ಕಟ್ ಆಗ್ತಿದೆಯಾ, ನಾಚ್ ಕೂಡ್ತಿಲ್ವಾ?’ ಇದರಲ್ಲಿ ಮೆತ್ತಗಿನದೇನೂ ಇಲ್ಲ. ಅಂಕಿ ಗಟ್ಟಿಯಾಗಿದೆ, ಉತ್ತರ ಕೊಡಲೇಬೇಕು. ಕಟಿಂಗ್‌ನಿಂದಲೇ ನಾಚ್ ತಪ್ಪಿ ಬಂದಿದೆ ಎಂಬ ಉತ್ತರ ಬಂದರೆ ನಿಮ್ಮ ಜಗಳ ಇರಬೇಕಾದ ಜಾಗವೇ ಬೇರೆ. ನಿಜವಾಗಿ ಕೆಲಸ ಕಳ್ಳತನ ಮಾಡುವವರೂ ಲೈನಿನಲ್ಲಿ ಇಬ್ಬರು ಮೂವರು ಇರುತ್ತಾರೆ, ಇಲ್ಲವೆನ್ನುವುದಿಲ್ಲ. ಅವರನ್ನು ಒಬ್ಬರೇ ಇರುವಾಗ ಕರೆದು, ತಾರೀಖು ಹಾಕಿ, ಎಚ್‌ಆರ್ ಮೂಲಕ ಬರಹದಲ್ಲಿ ಹೇಳಿ. ಎಲ್ಲರ ಮುಂದೆ ಕೂಗಿದರೆ ಕಳ್ಳತನ ಮಾಡುವವಳಿಗೆ ಚರ್ಮ ದಪ್ಪವಾಗುತ್ತದೆ, ನಿಯತ್ತಿನವಳು ರಾಜೀನಾಮೆ ಕೊಡುತ್ತಾಳೆ. ನಿಮ್ಮ ಲೈನಿನಿಂದ ಹೋದ ಮೂವರೂ ‘ಒಳ್ಳೆಯ ಟೈಲರ್‌ಗಳು’ ಎಂದು ನೀವೇ ಬರೆದಿದ್ದೀರಿ.

ಸಿಟ್ಟು ಬಂದ ಗಳಿಗೆಗೆ ಎರಡು ಹಿಡಿತ. ಮೊದಲನೆಯದು, ಬಾಯಿ ತೆರೆಯುವ ಮುಂಚೆ ಒಳಗಿರುವುದಕ್ಕೆ ಒಂದು ಹೆಸರಿಡುವುದು: ಸಿಟ್ಟೋ, ಭಯವೋ, ಅವಮಾನವೋ? ಮ್ಯಾಥ್ಯೂ ಲೀಬರ್‌ಮನ್ ತಂಡ 2007ರಲ್ಲಿ ಪ್ರಕಟಿಸಿದ ಮೆದುಳಿನ ಸ್ಕ್ಯಾನ್ ಅಧ್ಯಯನದಲ್ಲಿ, ಮುಖದಲ್ಲಿ ಕಂಡ ಭಾವನೆಗೆ ಪದ ಕೊಟ್ಟಾಗ ಭಯದಂಥ ಭಾವನೆಗೆ ಸ್ಪಂದಿಸುವ ಅಮಿಗ್ಡಾಲ ಎಂಬ ಭಾಗದ ಚಟುವಟಿಕೆ ತಗ್ಗಿದ್ದು ಕಂಡಿತು. ಮೂರು ಗಂಟೆಯ ಮೇಲೆ ನೀವು ಸಿಟ್ಟು ಎಂದು ಕರೆಯುತ್ತಿರುವುದು ಸಂಜೆಯ ಮೀಟಿಂಗ್‌ನ ಭಯವೇ ಇರಬಹುದು. ಎರಡನೆಯದು, ‘ಹೀಗಾದರೆ ಹೀಗೆ’ ಎಂದು ಮೊದಲೇ ಗೊತ್ತುಮಾಡಿಕೊಳ್ಳುವುದು. ‘ಇನ್ನು ಮೇಲೆ ಬೈಯುವುದಿಲ್ಲ’ ಎಂಬ ಸಂಕಲ್ಪ ಮಂಗಳವಾರ ಮಧ್ಯಾಹ್ನ ದಾಟುವುದಿಲ್ಲ. ‘ಬೋರ್ಡಿನಲ್ಲಿ 57ಕ್ಕೆ ಕಡಿಮೆ ಕಂಡ ತಕ್ಷಣ, ಮಾತಾಡುವ ಮುಂಚೆ ಲೈನಿನ ಕೊನೆಯವರೆಗೆ ನಡೆದು ಬಂಡಲ್ ಎಲ್ಲಿ ನಿಂತಿದೆ ಎಣಿಸುತ್ತೇನೆ’ ಎಂಬುದು ದಾಟುತ್ತದೆ, ಯಾಕೆಂದರೆ ಅದರಲ್ಲಿ ಹೊತ್ತು, ಗುರುತು, ಕಾಲಿಗೆ ಕೆಲಸ ಮೂರೂ ಇದೆ. ಪೀಟರ್ ಗೋಲ್‌ವಿಟ್ಸರ್ ಎಂಬ ಮನಶ್ಶಾಸ್ತ್ರಜ್ಞ ಬೆಳೆಸಿದ ಈ ವಿಧಾನ ಹತ್ತಾರು ಅಧ್ಯಯನಗಳಲ್ಲಿ ಬರೀ ಸಂಕಲ್ಪಕ್ಕಿಂತ ಚೆನ್ನಾಗಿ ನಿಂತಿದೆ. ಒಂದು ಸಲಕ್ಕೆ ಒಂದೇ ಇಟ್ಟುಕೊಳ್ಳಿ. ನಾಲ್ಕು ಮಾಡಿಕೊಂಡವರಿಗೆ ಯಾವುದೂ ನೆನಪಾಗುವುದಿಲ್ಲ.

ಯೋಗ ಮಾಡುವುದಾದರೆ ಮಾಡಿ, ಕಲಿಸುವವರಿಗೆ ಮೈಸೂರಿನಲ್ಲೂ ಮಂಡ್ಯದಲ್ಲೂ ಬರವಿಲ್ಲ. ನಿದ್ದೆ ಸುಧಾರಿಸಿದರೆ ಅಷ್ಟು ಲಾಭ. ಅದಕ್ಕಾಗಿ ನಾಲ್ಕೂವರೆಯ ಬದಲು ನಾಲ್ಕಕ್ಕೆ ಏಳಬೇಕಾದರೆ ಮಾತ್ರ ಬೇಡ.

ವಾಪಸ್ ಮೆಷಿನ್‌ಗೆ ಹೋಗುವುದು ಸೋಲಲ್ಲ, ಆದರೆ ಈಗ ಬೇಡ. ಬೇಜಾರಿನಲ್ಲಿ ತೆಗೆದುಕೊಂಡ ತೀರ್ಮಾನಕ್ಕೆ ಅಂಕಿಯ ಆಧಾರ ಇರುವುದಿಲ್ಲ. ಮೂರು ವಾರ ಬರೆಯುವುದು, ಆಮೇಲೆ ಒಂಬತ್ತು ವಾರ ಒಂದೇ ಬದಲಾವಣೆ ಹಿಡಿದು ಮಾಡುವುದು. ಅಷ್ಟಾದ ಮೇಲೆ ಪುಸ್ತಕದ ಸಾಲುಗಳು ವಾರಕ್ಕೆ ಅರ್ಧಕ್ಕೂ ಇಳಿಯದಿದ್ದರೆ, ಅಥವಾ ಇಳಿದರೂ ಈ ಕೆಲಸ ನಿಮಗೆ ಬೇಡವೆನ್ನಿಸಿದರೆ ಕೇಳಿ ಇಳಿಯಿರಿ. ಇಳಿಯುವ ಮುಂಚೆ ಸಂಬಳ ಎಷ್ಟಾಗುತ್ತದೆ, ಅದೇ ಲೈನಿನಲ್ಲಿ ಕೂರಿಸುತ್ತಾರೋ ಬೇರೆ ಕಡೆಯೋ ಎಂದು ಬರಹದಲ್ಲಿ ತೆಗೆದುಕೊಳ್ಳಿ. ನಿಮ್ಮಂಥವರಿಗೆ ಮೂರನೆಯ ದಾರಿಯೂ ಉಂಟು: ಹೊಸಬರಿಗೆ ಹೊಲಿಗೆ ಕಲಿಸುವ ಟ್ರೈನಿಂಗ್ ಸೆಂಟರ್ ಕೆಲಸ. ಅಲ್ಲಿ ಗಂಟೆಯ ಟಾರ್ಗೆಟ್‌ನ ಒತ್ತಡ ಕಡಿಮೆ, ಕೈ ಕಸುಬಿಗೆ ಬೆಲೆ ಹೆಚ್ಚು. ಇನ್ನು, ಪುಸ್ತಕದ ಮುಕ್ಕಾಲು ಸಾಲು ಮ್ಯಾನೇಜರ್ ಬಂದುಹೋದ ಮೇಲಿನದೇ ಆಗಿದ್ದರೆ ತಿದ್ದಬೇಕಾದದ್ದು ನೀವೊಬ್ಬರೇ ಅಲ್ಲ. 20 ಅಥವಾ ಹೆಚ್ಚು ಕೆಲಸಗಾರರಿರುವ ಕಡೆ ಕುಂದುಕೊರತೆ ಸಮಿತಿ ಇರಬೇಕೆಂಬುದು ಕಾನೂನು. ಸೂಪರ್‌ವೈಸರ್ ಆದ ನೀವು ಅದರ ಲೆಕ್ಕಕ್ಕೆ ಬರುತ್ತೀರೋ ಇಲ್ಲವೋ ನಿಮ್ಮ ಸಂಬಳ ಮತ್ತು ಕೆಲಸದ ಮೇಲೆ ಹೋಗುತ್ತದೆ, ಎಚ್‌ಆರ್‌ನಲ್ಲಿ ಕೇಳಿ. ನಿದ್ದೆ ಬರದೆ, ಅಳು ನಿಲ್ಲದೆ ಎರಡು ವಾರ ದಾಟಿದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡುತ್ತಾರೆ.

ಉಳಿದದ್ದು ಬಿಟ್ಟುಹೋದ ನಿಮ್ಮ ಸ್ನೇಹಿತೆ. ಫೋನ್ ಮಾಡಲೋ ಬೇಡವೋ ಎಂದು ನೀವು ಕೇಳಿಲ್ಲ, ಆದರೆ ಮಾಡುತ್ತೀರಿ ಅನ್ನಿಸುತ್ತದೆ. ಮೂರು ವಾರದ ಪುಸ್ತಕ ಮುಗಿದ ಮೇಲೆ ಮಾಡಿ. ‘ವಾಪಸ್ ಬಾ’ ಅನ್ನಬೇಡಿ, ‘ಯಾಕೆ ನನಗೆ ಹೇಳಲಿಲ್ಲ’ ಎಂದೂ ಕೇಳಬೇಡಿ, ಅದು ಕ್ಷಮೆಯ ವೇಷದಲ್ಲಿರುವ ದೂರು. ನೀವು ಆಡಿದ ಒಂದು ಮಾತನ್ನು, ಅದೇ ಮಾತನ್ನು ಹೇಳಿ, ‘ಅದು ತಪ್ಪಾಯ್ತು’ ಎಂದು ನಿಲ್ಲಿಸಿ. ಆ ಕಡೆಯಿಂದ ಏನು ಬಂದರೂ ಕೇಳಿಸಿಕೊಳ್ಳಿ. ಭಾನುವಾರವೇ ಮಾಡಿ, ಕೆಲಸದ ದಿನ ಸಂಜೆ ಮಾಡಿದರೆ ಅವರು ಬಸ್ಸಿನಲ್ಲಿರುತ್ತಾರೆ, ಪಕ್ಕದಲ್ಲಿ ಇನ್ನೂ ನಾಲ್ಕು ಜನ ಕೂತಿರುತ್ತಾರೆ.